ತೊಂಬತ್ತು ನಿಮಿಷಕ್ಕೆ ಹಿಡಿಸದ ಓದು

ರಿಗ್ಗೈ, ಕುವೈತ್
೯ ಮಾರ್ಚ್ ೧೯೯೦, ಶುಕ್ರವಾರ

ಅಮ್ಮಾ, ನನ್ನ ಎಂ.ಫಿಲ್. ವಿಷಯಕ್ಕೆ ಒಪ್ಪಿಗೆ ಸಿಕ್ಕಿಬಿಟ್ಟಿತು! ಸಹಿ, ಸೀಲು ಎಲ್ಲ ಇದೆ. ಇಲ್ಲಿ ಮನೆಗೆ ಪೋಸ್ಟ್‌ಮನ್ ಬರುವುದಿಲ್ಲವಲ್ಲ, ಮಧು ಅಹ್ಮದಿಯಲ್ಲಿರುವ ತಮ್ಮ ಆಫೀಸಿನ ಪೋಸ್ಟ್ ಬಾಕ್ಸಿನಿಂದ ಕಾಗದ ತಂದರು. ತಂದವರು ಕೊಟ್ಟರೇ? ಇಲ್ಲ! ಬೆನ್ನ ಹಿಂದೆ ಇಟ್ಟುಕೊಂಡು, "ಮೊದಲು ಕಾಫಿ, ಆಮೇಲೆ ಕಾಗದ" ಅಂದರು. ನಾನು ಕಾಫಿಗೆ ಉಪ್ಪು ಹಾಕಿದೆ. ಬೇಕಂತಲೇ ಅಲ್ಲ, ಕಣ್ಣೆಲ್ಲ ಅವರ ಬೆನ್ನ ಹಿಂದಿನ ಕಾಗದದ ಮೇಲಿತ್ತು. ಪಾಪ, ಪೂರ್ತಿ ಕುಡಿದರು!

ಸಿನಿಮಾಗಳು ಕಪ್ಪು ಹೆಂಗಸರ ಓದನ್ನು ಹೇಗೆ ತೋರಿಸುತ್ತವೆ ಎಂಬುದೇ ನನ್ನ ವಿಷಯ. ಮದುವೆಗೆ ಮುಂಚೆ ನಿನಗೆ ಹೇಳಿದ್ದೆ, ನೀನು ಚಪ್ಪರದವನ ಜೊತೆ ಮಾತಾಡುತ್ತಿದ್ದೆ. ಕಾಲೇಜಿನ ಫಿಲ್ಮ್ ಕ್ಲಬ್ಬಿನಲ್ಲಿ ಒಂದು ಅಮೆರಿಕನ್ ಚಿತ್ರ ತೋರಿಸಿದ್ದರು. ಅದರಲ್ಲಿ ಬಿಳಿಯರ ಮನೆಯ ಮಗಳಿಗೆ ಒಂದು ಆಲ್ಜಿಬ್ರಾ ಲೆಕ್ಕ ಬರುವುದಿಲ್ಲ. ಕಪ್ಪು ಹೆಂಗಸೊಬ್ಬಳು, ಆ ಮನೆಯ ಅಡುಗೆಯವಳು, ಹಿಟ್ಟಿನ ಕೈಯಲ್ಲೇ ಪುಸ್ತಕದ ಕಡೆ ನೋಡಿ ಉತ್ತರ ಹೇಳುತ್ತಾಳೆ. ಎಲ್ಲರೂ ನಗುತ್ತಾರೆ. ಕ್ಯಾಮೆರಾ ಮಗಳ ಮುಖಕ್ಕೆ ಹೋಗುತ್ತದೆ. ಅಡುಗೆಯವಳು ಎಲ್ಲಿ ಕಲಿತಳು ಎಂದು ಚಿತ್ರ ಮುಗಿಯುವವರೆಗೆ ಒಬ್ಬರೂ ಕೇಳುವುದಿಲ್ಲ. ಆವತ್ತು ಹಾಸ್ಟೆಲಿಗೆ ವಾಪಸಾಗುವಾಗ ಎಲ್ಲರೂ ಹೀರೋನ ಬಗ್ಗೆ ಮಾತಾಡುತ್ತಿದ್ದರು. ನನಗೆ ಅವಳದೇ ಯೋಚನೆ.

ಮರಳುಗಾಡಿನಲ್ಲಿ ಕೂತು ಹೇಗೆ ಮಾಡುತ್ತೀಯ ಅನ್ನಬೇಡ. ಇಲ್ಲಿ ಮಾಡುವಷ್ಟು ಸುಲಭ ಎಲ್ಲೂ ಇಲ್ಲ! ನಮ್ಮ ಕಟ್ಟಡದ ಕೆಳಗೇ ಉಮ್ಮರಬ್ಬ ಅವರ ವಿಡಿಯೊ ಅಂಗಡಿ. ಮಂಗಳೂರಿನ ಕಡೆಯವರು. ಸೂರಿನವರೆಗೆ ಇಂಗ್ಲಿಷ್ ಕ್ಯಾಸೆಟ್. ಒಂದೊಂದರಲ್ಲಿ ಎರಡೆರಡು ಸಿನಿಮಾ.

ನಿನ್ನಿಂದ ಒಂದೇ ಉಪಕಾರ. ಅಧ್ಯಾಯಗಳನ್ನು ಡಿಪಾರ್ಟ್‌ಮೆಂಟಿನಲ್ಲಿ ಕೈಯಾರೆ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಮಾಡಬೇಕಂತೆ. ನನ್ನ ಪರವಾಗಿ ನೀನು ಮಾಡುತ್ತೀಯಾ? ಆಗಸ್ಟ್ ಕೊನೆಗೆ ಪೂರ್ತಿ ಪ್ರಬಂಧ ಕೊಡದಿದ್ದರೆ ರಿಜಿಸ್ಟ್ರೇಶನ್ ರದ್ದು. ಅಪ್ಪನಿಗೆ ನಿಧಾನವಾಗಿ ಹೇಳು.

ನಿನ್ನ ಕುಣಿಯುತ್ತಿರುವ ಮಗಳು,
ಪಾವನಾ


ಸರಸ್ವತಿಪುರಂ, ಮೈಸೂರು
೨೬ ಮಾರ್ಚ್ ೧೯೯೦

ಪಾವನಾ,

ನಾಳೆ ಯುಗಾದಿ. ಒಬ್ಬಟ್ಟಿಗೆ ಬೇಳೆ ನೆನೆಹಾಕಿ ಬರೆಯುತ್ತಿದ್ದೇನೆ.

ಶನಿವಾರ ಗಂಗೋತ್ರಿಯ ನಿನ್ನ ಡಿಪಾರ್ಟ್‌ಮೆಂಟಿಗೆ ಹೋಗಿ ಗೈಡನ್ನು ಕಂಡೆ. ನಿಮ್ಮಪ್ಪನಿಗೆ ಮಾರ್ಕೆಟ್ಟಿಗೆ ಹೋಗುತ್ತೇನೆಂದು ಹೇಳಿದ್ದೆ. ಸಾಕ್ಷಿಗೆ ಇರಲೆಂದು ಬರುವಾಗ ಎರಡು ಕೆ.ಜಿ. ಬದನೆಕಾಯಿ ತಂದೆ. ಮೂರು ದಿನದಿಂದ ಅದನ್ನೇ ತಿನ್ನುತ್ತಿದ್ದೇವೆ. "ಮದುವೆ ಆಯ್ತಲ್ಲ, ಇನ್ನೇನು ಎಂ.ಫಿಲ್.?" ಎಂದು ಯಾರೋ ಕೇಳಿದ್ದಕ್ಕೆ ನಿಮ್ಮಪ್ಪ ಜಗಲಿಯಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಆದ್ದರಿಂದ ನಿಧಾನವಾಗಿಯೂ ಹೇಳಿಲ್ಲ.

ಗೈಡ್ ಮರ್ಯಾದಸ್ಥರು. ಕುರ್ಚಿ ಕೊಟ್ಟರು. ಸಿನಿಮಾ ನೋಡುವುದಕ್ಕೂ ಓದು ಅನ್ನುತ್ತಾರೆಂದು ನಮ್ಮ ಕಾಲದಲ್ಲಿ ಯಾರೂ ಹೇಳಲಿಲ್ಲ.

ನಿಮ್ಮತ್ತೆಯವರಿಗೆ ವಿಷಯ ಗೊತ್ತೆ? ಮಧುಸೂದನನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಿದ್ದೀಯಾ? ಉಪ್ಪನ್ನು ಕಾಫಿಗೆ ಹಾಕದೆ ಸಾರಿಗೆ ಹಾಕು.

ಆ ಅಡುಗೆಯವಳು ಯಾವ ಲೆಕ್ಕ ಮಾಡಿದಳು? ಬರೆಯಲೇ ಇಲ್ಲ ನೀನು.

ಆಶೀರ್ವಾದಗಳೊಂದಿಗೆ,
ಅಮ್ಮ


ರಿಗ್ಗೈ
೨೦ ಏಪ್ರಿಲ್ ೧೯೯೦

ಅಮ್ಮಾ,

ಕ್ವಾಡ್ರಾಟಿಕ್ ಈಕ್ವೇಶನ್! ವರ್ಗ ಸಮೀಕರಣ. ಉತ್ತರ ಮೂರು ಮತ್ತು ಮೈನಸ್ ಐದು. ನನಗಿನ್ನೂ ನೆನಪಿದೆ. ನಿನಗೆ ಯಾಕೆ?

ಇದರ ಜೊತೆಯಲ್ಲಿರುವುದು ನನ್ನ ಮುಖ್ಯ ಅಧ್ಯಾಯ. ಐವತ್ತೆಂಟು ಪುಟ! ರಂಜಾನ್ ತಿಂಗಳಾದ್ದರಿಂದ ಮಧು ಎರಡು ಗಂಟೆಗೇ ಮನೆಗೆ ಬರುತ್ತಾರೆ. ದಿನಕ್ಕೊಂದು ಸಿನಿಮಾ. ಅವರ ಕೈಯಲ್ಲಿ ವಾಚು, ನನ್ನ ಕೈಯಲ್ಲಿ ನೋಟ್‌ಬುಕ್. ಕಪ್ಪು ಹೆಂಗಸು ಪರದೆಗೆ ಬಂದ ತಕ್ಷಣ ನಾನು "ಸ್ಟಾರ್ಟ್!" ಅನ್ನುವುದು, ಹೋದ ತಕ್ಷಣ "ಸ್ಟಾಪ್!" ಪಕ್ಕದ ಫ್ಲಾಟಿನ ಉಮಾವತಿ ಆಂಟಿ ಬಾಗಿಲು ತಟ್ಟಿ, "ಎಂತ ಪಾವನಾ, ಗಂಡನಿಗೆ ಡ್ರಿಲ್ ಮಾಡಿಸುದಾ?" ಎಂದರು. ಮಧು ವಾಚು ಮುಚ್ಚಿಟ್ಟುಕೊಂಡು, "ಹೌದು ಆಂಟಿ, ಕಾಪಾಡಿ" ಎಂದರು!

ಒಟ್ಟು ಇಪ್ಪತ್ತಾರು ಚಿತ್ರ. ಮಾತಿರುವ ಕಪ್ಪು ಹೆಂಗಸರು ಮೂವತ್ತೊಂದು ಜನ. ಅಡುಗೆಯವರು, ಆಯಾಗಳು, ಹಾಡುವವರು, ಅಳುವ ತಾಯಂದಿರು. ಕೈಯಲ್ಲಿ ಪುಸ್ತಕ ಹಿಡಿದವರು ಇಬ್ಬರು. ಅದರಲ್ಲಿ ಒಬ್ಬಳು ಹಿಡಿದದ್ದು ಪ್ರಾರ್ಥನೆಯ ಪುಸ್ತಕ. ಶಾಲೆಯ ಅಥವಾ ಕಾಲೇಜಿನ ಕೋಣೆಯಲ್ಲಿ ಕೂತವರು? ಸೊನ್ನೆ! ಅಮ್ಮಾ, ಇಪ್ಪತ್ತಾರು ಚಿತ್ರಗಳಲ್ಲಿ ಒಂದರಲ್ಲೂ ಇಲ್ಲ. ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು. ಇಷ್ಟು ಚೊಕ್ಕ ಉತ್ತರ ಯಾರಿಗೆ ಸಿಗುತ್ತದೆ ಹೇಳು!

ಅತ್ತೆಯವರಿಗೆ ಇನ್ನೂ ಹೇಳಿಲ್ಲ. ಹೇಳುವುದಾಗಿ ಮಧು ಹೇಳಿದ್ದಾರೆ.

ಬದನೆಕಾಯಿ ಬದಲು ಈ ಸಲ ಮಾವಿನಹಣ್ಣು ತಾ.

ನಿನ್ನ,
ಪಾವನಾ


ಮೈಸೂರು
೭ ಮೇ ೧೯೯೦

ಪಾವನಾ,

ಅಧ್ಯಾಯ ಕೊಟ್ಟು ಬಂದೆ. ನಿನ್ನ ಗೈಡ್ ನನ್ನೆದುರೇ ಕೋಷ್ಟಕ ನೋಡಿದರು. "ಇಪ್ಪತ್ತಾರರಲ್ಲಿ ಒಂದೂ ಇಲ್ವೇ! ಬಹಳ ದೊಡ್ಡ ವಿಷಯ ಕಂಡುಹಿಡಿದಿದ್ದಾಳೆ ನಿಮ್ಮ ಮಗಳು" ಎಂದು ಮೇಜು ಕುಟ್ಟಿದರು. ಕೊನೆಯ ಪುಟದಲ್ಲಿ ಸಹಿ ಹಾಕಿದ್ದಾರೆ. ಇನ್ನು ಮುನ್ನುಡಿ, ಸಮಾರೋಪ ಬರೆದರೆ ಸಾಕಂತೆ.

ಕೊಡುವ ಮೊದಲು ಮೂರನೆಯ ಕೋಷ್ಟಕದ ಮೊತ್ತ ತಿದ್ದಿದೆ. ನೀನು ನಲವತ್ತೊಂದು ಎಂದು ಬರೆದಿದ್ದೆ. ನಲವತ್ತಮೂರು. ಐದನೆಯದರಲ್ಲಿ ಶೇಕಡಾವಾರು ತಪ್ಪಿತ್ತು, ಅದನ್ನೂ ಸರಿಮಾಡಿದೆ. ಪೆನ್ಸಿಲಿನಲ್ಲಿ ಮಾಡಿ ಮೇಲೆ ಶಾಯಿಯಲ್ಲಿ ತಿದ್ದಿದ್ದೇನೆ. ಅಕ್ಷರ ನಿನ್ನದರ ಹಾಗೆಯೇ ಇದೆ, ಗೊತ್ತಾಗುವುದಿಲ್ಲ.

ಮಾವಿನಹಣ್ಣು ತಂದೆ. ಇಷ್ಟು ಸಲ ಮಾರ್ಕೆಟ್ಟಿಗೆ ಯಾಕೆ ಹೋಗುತ್ತೀಯ ಎಂದು ನಿಮ್ಮಪ್ಪ ಕೇಳಲಿಲ್ಲ. ಹಣ್ಣು ಚೆನ್ನಾಗಿತ್ತು.

ಆಶೀರ್ವಾದಗಳು,
ಅಮ್ಮ


ರಿಗ್ಗೈ
೧ ಜೂನ್ ೧೯೯೦, ಶುಕ್ರವಾರ

ಅಮ್ಮಾ,

ಇದನ್ನು ಕೂತು ಓದು. ನನ್ನ ಸೊನ್ನೆ ಸುಳ್ಳು.

ನಿನಗೆ ಹೇಳದ ಒಂದು ವಿಷಯದಿಂದ ಶುರುಮಾಡಬೇಕು. ಫೆಬ್ರವರಿಯಲ್ಲಿ, ನಾನು ಬಂದ ಹೊಸತರಲ್ಲಿ, ಲಿಫ್ಟಿನಲ್ಲಿ ಒಬ್ಬ ಕಪ್ಪು ಹೆಂಗಸು ಸಿಕ್ಕರು. ಕೈಯಲ್ಲಿ ತರಕಾರಿ ಚೀಲ. ನಾನು ನಕ್ಕು, "ಯಾರ ಮನೇಲಿ ಕೆಲಸ ಮಾಡ್ತೀರಿ?" ಎಂದು ಕೇಳಿದೆ. ಅವರು, "ಎರಡನೇ ಮಹಡಿ. ಮನೆಯವರು ಒಳ್ಳೆಯವರು. ಬಾಡಿಗೆ ನಾನೇ ಕಟ್ಟೋದು" ಎಂದರು. ಆಮೇಲೆ ಉಮಾವತಿ ಆಂಟಿಯಿಂದ ಗೊತ್ತಾಯಿತು. ಸೂಡಾನಿನವರು. ಹೆಸರು ಇಖ್ಲಾಸ್. ಹೆಣ್ಣುಮಕ್ಕಳ ಶಾಲೆಯಲ್ಲಿ ಫಿಸಿಕ್ಸ್ ಟೀಚರ್. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂ.ಎಸ್‌ಸಿ. ಮಾಡಿದ್ದಾರೆ. ಮೂರು ತಿಂಗಳು ಅವರನ್ನು ಕಂಡರೆ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುತ್ತಿದ್ದೆ. ಮೇಲೆ ಬಂದು ಕೂತು, ಕಪ್ಪು ಹೆಂಗಸರನ್ನು ಸಿನಿಮಾದವರು ಬರೀ ಕೆಲಸದವರಾಗಿ ತೋರಿಸುತ್ತಾರೆ ಎಂದು ಬರೆಯುತ್ತಿದ್ದೆ.

ಮೊನ್ನೆ ಗಾಳಿಗೆ ಮಧುವಿನ ಶರ್ಟು ಅವರ ಬಾಲ್ಕನಿಗೆ ಬಿತ್ತು. ತಂದುಕೊಡಲು ಅವರೇ ಮೇಲೆ ಬಂದರು. ಟಿವಿಯಲ್ಲಿ ನನ್ನ ಹದಿನಾಲ್ಕನೆಯ ಚಿತ್ರ ಓಡುತ್ತಿತ್ತು, ಬಟ್ಟೆ ಒಗೆಯುವ ಒಬ್ಬ ತಾಯಿಯ ಕಥೆ. "ಅಯ್ಯೋ, ಇದು ನನಗೆ ಬಹಳ ಇಷ್ಟ" ಎಂದು ಸೋಫಾದ ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ, "ಪರೀಕ್ಷೆ ಎಲ್ಲಿ?" ಎಂದರು.

"ಯಾವ ಪರೀಕ್ಷೆ?"

"ಅವಳು ನರ್ಸಿಂಗ್ ಪರೀಕ್ಷೆ ಬರೀತಾಳಲ್ಲ. ಹತ್ತು ನಿಮಿಷ ಇದೆ. ನಾನು ಲೀಡ್ಸ್‌ನಲ್ಲಿ ನೋಡಿದಾಗ ಅತ್ತಿದ್ದೆ."

ನಾನು ವಾದ ಮಾಡಿದೆ, ಅಮ್ಮಾ! ಅವರು ಬೇರೆ ಚಿತ್ರ ನೆನೆಸಿಕೊಂಡಿರಬೇಕು ಎಂದೆ. ಅವರು ರಿವೈಂಡ್ ಮಾಡಿಸಿದರು. ಒಂದು ಕಡೆ ಪರದೆ ಚಿಟಿಕೆ ಹೊಡೆಯುವಷ್ಟು ಹೊತ್ತು ನಡುಗುತ್ತದೆ. ನಡುಗುವ ಮೊದಲು ತಾಯಿಯ ಮೈಮೇಲೆ ನೀಲಿ ಅಂಗಿ, ಆಮೇಲೆ ಬಿಳಿ. ಇದನ್ನು ನಾನು ನಾಲ್ಕು ಸಲ ನೋಡಿದ್ದೆ.

ಮಧು ಬಂದವರೇ ನೋಟ್‌ಬುಕ್ ತೆಗೆದು ನೋಡಿ ತಲೆ ಹಿಡಿದುಕೊಂಡರು. "ಇಪ್ಪತ್ತಾರು ಸಿನಿಮಾ. ಎಲ್ಲಾದೂ ತೊಂಬತ್ತೇ ನಿಮಿಷ. ಪಾವನಾ, ಒಂದು ಸಲಾನೂ ಅನುಮಾನ ಬರಲಿಲ್ವಾ?"

"ಇಂಜಿನಿಯರ್ ನೀವು! ವಾಚು ಹಿಡಿದಿದ್ದೋರು ನೀವು!"

ಇಬ್ಬರೂ ನಕ್ಕೆವು. ಆಮೇಲೆ ನಾನು ಅತ್ತೆ. ಲಿಫ್ಟಿನ ವಿಷಯಕ್ಕೆ ಇಖ್ಲಾಸ್ ಅವರಲ್ಲಿ ಕ್ಷಮೆ ಕೇಳಿದೆ. "ಇಷ್ಟು ದಿನ ಮೆಟ್ಟಿಲು ಹತ್ತಿದ್ದೀಯಲ್ಲ, ಶಿಕ್ಷೆ ಆಯಿತು" ಎಂದರು.

ಈಗ ಏನು ಮಾಡಲಿ ಹೇಳು. ಅಂಗಡಿಯವರು ಕತ್ತರಿಸಿ ಉಳಿಸಿದ್ದನ್ನಷ್ಟೇ ನೋಡಿ ಸಿನಿಮಾದವರು ತೋರಿಸಲೇ ಇಲ್ಲ ಎಂದು ಬರೆದಿದ್ದೇನೆ. ಅದಕ್ಕೆ ಸಹಿ ಬಿದ್ದಿದೆ.

ಪಾವನಾ


ಮೈಸೂರು
೧೩ ಜೂನ್ ೧೯೯೦

ಪಾವನಾ,

ಕೂತೇ ಓದಿದೆ. ಅಳಬೇಡ.

ನಾನು ಹೇಳುವುದನ್ನು ಕೇಳು. ಸಹಿ ಆಗಿದೆ. ಆ ಇಪ್ಪತ್ತಾರು ಸಿನಿಮಾಗಳನ್ನು ಮೈಸೂರಿನಲ್ಲಿ ಯಾರೂ ನೋಡಿಲ್ಲ, ನೋಡುವುದೂ ಇಲ್ಲ. ನಿನ್ನ ಗೈಡ್ ಕೂಡ ನೋಡಿಲ್ಲ. ಇನ್ನು ಎರಡೂವರೆ ತಿಂಗಳು ಉಳಿದಿದೆ. ಈಗ ಕೈಬಿಟ್ಟರೆ ಮತ್ತೆ ಹಿಡಿಯುತ್ತೇನೆ ಎಂದು ನೀನು ಅಂದುಕೊಳ್ಳಬಹುದು. ಹಿಡಿಯಲು ಆಗುವುದಿಲ್ಲ. ಮುಂದಿನ ವರ್ಷ ಕೈಯಲ್ಲಿ ಕೂಸಿರುತ್ತದೆ, ಇಲ್ಲವೇ ನಿಮ್ಮತ್ತೆಯವರ ಮೊಣಕಾಲು ನೋವಿರುತ್ತದೆ. ಏನಾದರೊಂದು ಇರುತ್ತದೆ. ಒಂದು ವರ್ಷ ಅಂತ ಬಿಟ್ಟದ್ದು ಒಂದು ವರ್ಷಕ್ಕೆ ನಿಲ್ಲುವುದಿಲ್ಲ.

ಮುನ್ನುಡಿ ಬರೆದು ಕಳಿಸು. ನಾನು ಕೊಟ್ಟು ಬರುತ್ತೇನೆ. ಮೊದಲು ಡಿಗ್ರಿ ಕೈಗೆ ಬರಲಿ.

ಆ ಟೀಚರಮ್ಮನಿಗೆ ಒಂದು ದಿನ ಬಿಸಿಬೇಳೆ ಬಾತ್ ಮಾಡಿ ಬಡಿಸು.

ಅಮ್ಮ


ರಿಗ್ಗೈ
೨೯ ಜೂನ್ ೧೯೯೦, ಶುಕ್ರವಾರ

ಅಮ್ಮಾ,

ಬಿಸಿಬೇಳೆ ಬಾತಿನ ಮಾತು ಮಾತ್ರ ಕೇಳಿದೆ. ಇಖ್ಲಾಸ್ ಮೂರು ಸಲ ಹಾಕಿಸಿಕೊಂಡರು. ಇನ್ನೊಂದು ಮಾತು ಕೇಳುವುದಿಲ್ಲ. ಸಿಟ್ಟು ಮಾಡಿಕೊಳ್ಳುವ ಮೊದಲು ಪೂರ್ತಿ ಓದು.

ನಾನು, ಮಧು, ಇಖ್ಲಾಸ್ ಮೂವರೂ ಉಮ್ಮರಬ್ಬ ಅವರ ಅಂಗಡಿಗೆ ಹೋದೆವು. ಅವರು ಬಚ್ಚಿಡಲೂ ಇಲ್ಲ, ನಾಚಲೂ ಇಲ್ಲ.

"ಎಂತ ಮಾಡುದು ಮೇಡಂ? ಒಂದು ಕ್ಯಾಸೆಟಿಗೆ ಎರಡು ಪಿಕ್ಚರ್ ಬೇಕು ಅಂತಾರೆ ಜನ. ಮೂರು ಗಂಟೆ ಮಾತ್ರ ಹಿಡಿಯುದು. ಫೈಟ್ ತೆಗೆದ್ರೆ ಬೈತಾರೆ, ಡ್ಯಾನ್ಸ್ ತೆಗೆದ್ರೆ ಬೈತಾರೆ. ಈ ಹೆಂಗಸ್ರು ಕ್ಲಾಸಲ್ಲಿ ಕೂತು ಓದುದು ತೆಗೆದ್ರೆ ಇಷ್ಟು ವರ್ಷದಲ್ಲಿ ಒಬ್ರೂ ಬಂದು ಕೇಳ್ಲಿಲ್ಲ. ನೀವೇ ಫಸ್ಟ್."

"ಬಿಳಿ ಹುಡುಗಿ ಓದೋದನ್ನೂ ತೆಗೀತೀರಾ?" ಎಂದೆ.

"ಅದು ತೆಗೆದ್ರೆ ಕಥೆ ಗೊತ್ತಾಗುದಿಲ್ಲ ಅಲ್ವಾ? ಅವಳಿಗೆ ಹುಡುಗ ಸಿಗುದೇ ಕಾಲೇಜಲ್ಲಿ."

ಇಖ್ಲಾಸ್ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೌಂಟರಿನ ಮೇಲೆ ತಲೆಯಿಟ್ಟು ನಕ್ಕರು. ಉಮ್ಮರಬ್ಬ ಗಾಬರಿಯಾಗಿ, "ಇವರಿಗೆ ಬೇಜಾರಾಯ್ತಾ?" ಎಂದು ಕೇಳಿ ಮೂವರಿಗೂ ಚಹಾ ತರಿಸಿದರು.

ಅವರ ಹತ್ತಿರ ಹನ್ನೊಂದು ಚಿತ್ರಗಳ ಪೂರ್ತಿ ಕ್ಯಾಸೆಟ್ ಉಳಿದಿದ್ದವು. ಮಿಕ್ಕ ಹದಿನೈದು ದುಬೈಗೆ ವಾಪಸಾಗಿವೆ. ಹನ್ನೊಂದನ್ನೂ ನೋಡಿದೆವು. ಅಮ್ಮಾ, ಎಷ್ಟು ಜನ ಓದುತ್ತಾರೆ ಗೊತ್ತಾ! ಆರು ಕಡೆ ತರಗತಿ, ಎರಡು ಕಡೆ ಪರೀಕ್ಷೆ. ಆದರೆ ನಾನು ಹೇಳಬೇಕೆಂದಿರುವುದು ಅದಲ್ಲ. ಒಂದರಲ್ಲಿ ಓದಿಗೆ ದಾರಿ ತೋರಿಸಲು ಒಬ್ಬ ಬಿಳಿಯ ಟೀಚರ್ ಬರಬೇಕು, ಮುಂದೆ ಕಥೆಯೆಲ್ಲ ಆ ಟೀಚರದ್ದೇ. ಇನ್ನೊಂದರಲ್ಲಿ ಕಾಲೇಜು ಮುಗಿಸಿದವಳು ಮನೆಗೆ ಬಂದರೆ ತಾಯಿಯ ಜೊತೆ ಮಾತೇ ಹೊಂದುವುದಿಲ್ಲ, ಓದಿದ್ದೇ ತಪ್ಪು ಅನ್ನುವ ಹಾಗೆ. ಬಟ್ಟೆ ಒಗೆಯುವ ತಾಯಿ ಪರೀಕ್ಷೆ ಬರೆಯುತ್ತಾಳೆ, ಪಾಸೂ ಆಗುತ್ತಾಳೆ. ಮುಂದಿನ ದೃಶ್ಯದಲ್ಲಿ ಮತ್ತೆ ಬಟ್ಟೆ ಒಗೆಯುತ್ತಿರುತ್ತಾಳೆ, ಪರೀಕ್ಷೆಯ ಸುದ್ದಿಯನ್ನು ಮತ್ತೆ ಯಾರೂ ಎತ್ತುವುದಿಲ್ಲ. ಉಮ್ಮರಬ್ಬ ಆ ಹತ್ತು ನಿಮಿಷ ತೆಗೆದರೂ ಕಥೆಗೆ ಏನೂ ಆಗಲಿಲ್ಲ. ಯಾಕೆಂದರೆ ಚಿತ್ರ ಮಾಡಿದವರೇ ಅವಳ ಓದನ್ನು ಕತ್ತರಿಸಿದರೂ ಗೊತ್ತಾಗದಂಥ ಜಾಗದಲ್ಲಿ ಇಟ್ಟಿದ್ದರು! ಇವರು ಆ ಜಾಗ ಕಂಡುಹಿಡಿದರು, ಅಷ್ಟೇ.

ಒಂದು ಚಿತ್ರ ಮಾತ್ರ ಹಾಗಲ್ಲ. ಅದನ್ನು ಮಾಡಿದವಳೇ ಒಬ್ಬ ಕಪ್ಪು ಹೆಂಗಸು. ಅದರಲ್ಲಿ ತಾಯಿ, ಮಗಳು ಊಟದ ತಟ್ಟೆ ಸರಿಸಿ ಅದೇ ಮೇಜಿನ ಮೇಲೆ ಪುಸ್ತಕ ಬಿಡಿಸುತ್ತಾರೆ. ಇಬ್ಬರೂ ಒಂದೇ ಪರೀಕ್ಷೆಗೆ ಕಟ್ಟಿದ್ದಾರೆ. ನಾಲ್ಕು ನಿಮಿಷ ಯಾರೂ ಮಾತಾಡುವುದಿಲ್ಲ, ಯಾರೂ ಅಳುವುದಿಲ್ಲ. ಮಗಳು ಒಂದು ಕಡೆ ತಡವರಿಸಿದರೆ ತಾಯಿ ಪೆನ್ಸಿಲಿನ ತುದಿಯಿಂದ ತೋರಿಸುತ್ತಾಳೆ. ಉಮ್ಮರಬ್ಬ ಅದನ್ನೂ ಕತ್ತರಿಸಿದ್ದರು. "ಆ ಒಂದು ಕ್ಯಾಸೆಟ್ ಮಾತ್ರ ಗಿರಾಕಿಗಳು ವಾಪಸ್ ತಂದ್ರು ಮೇಡಂ. ಕಥೆ ತಲೆಬುಡ ಗೊತ್ತಾಗುದಿಲ್ಲ, ಏನೋ ಬಿಟ್ಟುಹೋಗಿದೆ ಅಂತ ಬೈದ್ರು. ಎಂತದ್ದು ಅಂತ ಅವರಿಗೂ ಗೊತ್ತಿಲ್ಲ."

ನನ್ನ ಪ್ರಬಂಧ ಇದು, ಅಮ್ಮಾ. ಎಷ್ಟು ನಿಮಿಷ ತೋರಿಸಿದರು ಅನ್ನುವುದಲ್ಲ. ಅವಳ ಓದನ್ನು ಕಿತ್ತರೆ ಕಥೆ ನಿಲ್ಲುತ್ತದೆಯೋ ಬೀಳುತ್ತದೆಯೋ ಅನ್ನುವುದು. ಹಳೆಯದಕ್ಕಿಂತ ಇದು ನೂರು ಪಾಲು ಒಳ್ಳೆಯದು, ನನಗೆ ಗೊತ್ತು! ಆದರೆ ಸಹಿಯಾದ ಅಧ್ಯಾಯವನ್ನು ವಾಪಸ್ ಪಡೆಯಲೇಬೇಕು. ಮದರಾಸಿನ ಅಮೆರಿಕನ್ ಲೈಬ್ರರಿಯಲ್ಲಿ ಮಿಕ್ಕ ಚಿತ್ರಗಳು ಇದ್ದರೂ ಇರಬಹುದು. ಡಿಗ್ರಿ ಹೋದರೆ ಹೋಗಲಿ ಎಂದು ಬರೆಯಲು ಪೆನ್ನು ಎತ್ತಿದೆ. ಆಗಲಿಲ್ಲ. ನನಗೆ ಅದು ಬೇಕು.

ಗೈಡ್‌ಗೆ ಬರೆದ ಕಾಗದ ಇದರೊಳಗಿದೆ. ಕೊಡುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು.

ನಿನ್ನ ಹಟಮಾರಿ,
ಪಾವನಾ


ಮೈಸೂರು
೧೧ ಜುಲೈ ೧೯೯೦

ಪಾವನಾ,

ನಿನ್ನ ಕಾಗದವನ್ನು ಎರಡು ದಿನ ಸಾಸಿವೆ ಡಬ್ಬಿಯ ಹಿಂದೆ ಇಟ್ಟಿದ್ದೆ. ಇವತ್ತು ಕೊಟ್ಟು ಬಂದೆ.

ನಿನ್ನ ಗೈಡ್ ಮೊದಲು ಕೂಗಾಡಿದರು. "ನನ್ನ ಸಹಿಗೆ ಬೆಲೆ ಇಲ್ವಾ?" ಎಂದರು. ನಿಂತುಕೊಂಡೇ ಕೇಳಿಸಿಕೊಂಡೆ. ಆಮೇಲೆ, "ಸಾರ್, ಮೊತ್ತ ತಪ್ಪಿದ್ದರೆ ತಿದ್ದಬಹುದು. ಎಣಿಸಿದ ವಸ್ತುವೇ ತಪ್ಪಿದ್ದರೆ ಮತ್ತೆ ಮೊದಲಿಂದಲೇ ಎಣಿಸಬೇಕಲ್ವೇ?" ಎಂದೆ. ಅವರು ನಿನ್ನ ಕಾಗದವನ್ನು ಇನ್ನೊಂದು ಸಲ ಓದಿದರು. ಗಿರಾಕಿಗಳು ಕ್ಯಾಸೆಟ್ ವಾಪಸ್ ತಂದ ಭಾಗಕ್ಕೆ ಬಂದಾಗ ಅವರ ಕನ್ನಡಕ ಹಣೆಗೆ ಏರಿತು. ಆಗಸ್ಟ್ ಎರಡು, ಗುರುವಾರ, ಬೆಳಗ್ಗೆ ಹನ್ನೊಂದಕ್ಕೆ ಸಮಿತಿ ಸೇರುತ್ತದೆ. ನೀನೇ ಬಂದು ಎದುರು ನಿಂತು ಹೇಳಿದರೆ ಆರು ತಿಂಗಳು ಕೊಡಬಹುದು. ಬರದಿದ್ದರೆ ರದ್ದು. ಪತ್ರ, ಫೋನು, ತಾಯಿ, ಯಾವುದೂ ನಡೆಯುವುದಿಲ್ಲವಂತೆ.

ಮನೆಗೆ ಬಂದಾಗ ನನ್ನ ಕೈಯಲ್ಲಿ ತರಕಾರಿ ಇರಲಿಲ್ಲ. ನಿಮ್ಮಪ್ಪ ನೋಡಿದರು. ಎಲ್ಲ ಹೇಳಿದೆ. ಅವರು ಪೇಪರು ಮಡಿಸಿ, "ಈ ಕೋಷ್ಟಕ ತಿದ್ದೋದೆಲ್ಲ ನಿನಗೆ ಎಲ್ಲಿಂದ ಬಂತು?" ಎಂದು ಕೇಳಿದರು. ಇಪ್ಪತ್ತೇಳು ವರ್ಷಕ್ಕೆ ಕೇಳಿದರು. ಮಹಾರಾಣಿ ಕಾಲೇಜಿನಲ್ಲಿ ಒಂದು ವರ್ಷ ಗಣಿತ ಓದಿದ್ದೆ, ಮದುವೆ ಗೊತ್ತಾಯಿತೆಂದು ಪರೀಕ್ಷೆಗೆ ಕೂರಲಿಲ್ಲ ಎಂದೆ. ನಿನಗೂ ಇದು ಹೊಸದಿರಬೇಕು. ಬಿಟ್ಟದ್ದು ಒಂದು ವರ್ಷಕ್ಕೆ ನಿಲ್ಲುವುದಿಲ್ಲ ಎಂದು ಕಳೆದ ಪತ್ರದಲ್ಲಿ ನಾನು ಬರೆದದ್ದು ಅದಕ್ಕೆ.

ನಿಮ್ಮತ್ತೆಯವರಿಗೆ ಏನು ಹೇಳುತ್ತೀಯೋ ಹೇಳು. ಬಾ.

ಅಮ್ಮ


ರಿಗ್ಗೈ
೨೦ ಜುಲೈ ೧೯೯೦, ಶುಕ್ರವಾರ

ಅಮ್ಮಾ! ಅಮ್ಮಾ! ಅಮ್ಮಾ!

ನಿನ್ನ ಪತ್ರವನ್ನು ಆರು ಸಲ ಓದಿದೆ. ಒಂದು ಸಲ ಇಖ್ಲಾಸ್ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. "ನಿನ್ನ ಅಮ್ಮ ಈಗಲೂ ಪರೀಕ್ಷೆಗೆ ಕಟ್ಟಬಹುದಲ್ಲ?" ಎಂದರು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವಷ್ಟು ಸಾಧಾರಣವಾಗಿ. ಆ ಮಾತನ್ನು ಇಲ್ಲಿ ಬಿಟ್ಟಿರುತ್ತೇನೆ, ಎದುರು ಕೂತು ಮಾತಾಡೋಣ.

ಮಧು ಅತ್ತೆಯವರಿಗೆ ಫೋನ್ ಮಾಡಿದರು. "ಆರು ತಿಂಗಳಿಗೇ ಗಂಡನ್ನ ಬಿಟ್ಟು ಬರ್ತಾಳಾ? ಜನ ಏನಂತಾರೆ?" ಎಂದರು. ಮಧು, "ಪರೀಕ್ಷೆಗೆ ಹೋದಳು ಅಂತಾರೆ ಅಮ್ಮ" ಎಂದರು. ಅದಕ್ಕೆ ಅತ್ತೆಯವರು, "ಬರುವಾಗ ಒಳ್ಳೆ ಖರ್ಜೂರ ತರೋಕೆ ಹೇಳು" ಎಂದರಂತೆ. ನಾನು ರಿಸೀವರಿಗೇ ಮುತ್ತು ಕೊಟ್ಟೆ!

ಮಧು ಈಗ ಬರುವಂತಿಲ್ಲ, ರಜೆ ಇಲ್ಲ. ಆಗಸ್ಟ್ ಕೊನೆಗೆ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಇಲ್ಲಿನ ಪೇಪರಿನಲ್ಲಿ ಪಕ್ಕದ ದೇಶದವರು ಎಣ್ಣೆಗಾಗಿ ಜಗಳ ತೆಗೆದ ಸುದ್ದಿ ದಿನಾ ಬರುತ್ತಿದೆ. ಇದು ಮಾತಿನಲ್ಲೇ ಮುಗಿಯುತ್ತದೆ, ಯೋಚನೆ ಮಾಡಬೇಡಿ ಎಂದು ಅಹ್ಮದಿಯಲ್ಲಿ ಎಲ್ಲರೂ ಹೇಳುತ್ತಾರಂತೆ. ಅಪ್ಪ ಓದಿದ್ದರೆ ಹಾಗೆಯೇ ಹೇಳು. ಮಧುವಿಗೆ ಹದಿನೈದು ದಿನದ ಸಾರಿನ ಪುಡಿ ಕುಟ್ಟಿಟ್ಟಿದ್ದೇನೆ. ಅದು ಮುಗಿದರೆ ಊಟ ಕೆಳಗೆ ಎರಡನೇ ಮಹಡಿಯಲ್ಲಿ ಎಂದು ಇಖ್ಲಾಸ್ ಅವರ ತಾಯಿ ಹೇಳಿದ್ದಾರೆ.

ಸಮಿತಿಯವರ ಎದುರು ಏನು ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದೇನೆ. "ನಾನು ತಪ್ಪು ಮಾಡಿದ್ದೇನೆ, ಅದು ಬಹಳ ಒಳ್ಳೆಯ ತಪ್ಪು" ಎಂದು ಶುರುಮಾಡುತ್ತೇನೆ. ಮೊದಲ ಮಾತು ಸಾಕು, ಎರಡನೆಯದು ಸೊಕ್ಕಿನ ಹಾಗೆ ಕೇಳುತ್ತದೆ ಅಂತಾರೆ ಮಧು. ಎರಡನ್ನೂ ಹೇಳುತ್ತೇನೆ. ಹೊಸ ಕೋಷ್ಟಕಗಳನ್ನು ಮಾತ್ರ ಸಮಿತಿಗೆ ಮೊದಲು ನೀನು ನೋಡಬೇಕು. ಬುಧವಾರ ಪೂರ್ತಿ ಅದಕ್ಕೇ.

ಮಧುವಿನ ಆಫೀಸಿನ ಕೊನ್ರಾಡ್ ನಾಳೆ ಬೆಂಗಳೂರಿಗೆ ಹೊರಟಿದ್ದಾರೆ, ಅಲ್ಲೇ ಇದನ್ನು ಪೋಸ್ಟ್ ಮಾಡುತ್ತಾರೆ. ನಾನು ಶನಿವಾರ ಇಪ್ಪತ್ತೆಂಟಕ್ಕೆ ಬಾಂಬೆಗೆ ಹಾರುತ್ತೇನೆ. ಭಾನುವಾರ ಅಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್, ಸೋಮವಾರ ಬೆಂಗಳೂರಿನಲ್ಲಿ ಚಿಕ್ಕಮ್ಮನ ಮನೆ. ಅಪ್ಪ ಬಂದರೆ ಬರಲಿ, ನೀನಂತೂ ಸ್ಟೇಷನ್ನಿಗೆ ಬರಲೇಬೇಕು, ಪೆನ್ಸಿಲ್ ತಾ. ಜುಲೈ ಮೂವತ್ತೊಂದು, ಮಂಗಳವಾರ, ಮಧ್ಯಾಹ್ನ ಬೆಂಗಳೂರು ಬಿಡುವ ಟಿಪ್ಪು ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿಯುತ್ತೇನೆ.

ನಿನ್ನ,
ಪಾವನಾ